ಲಾರ್ಡ್ ಸಾಹೇಬರು ಬೀಳಬಾರದ ಬೇಸಿಗೆ

ಪೋಲೋ ಆಡುವ ಲಾರ್ಡ್ ಒಬ್ಬರಿಗೆ ಒಂದೇ ಒಂದು ಸಲ ಪ್ಯಾಂಟು ಹೊಲಿದುಕೊಟ್ಟು ನೋಡಿ. ಆಮೇಲೆ ನಿಮಗೆ ಇಂಥ ಫಜೀತಿಗಳು ಆಗುತ್ತಲೇ ಇರುತ್ತವೆ, ನೀವು ಸಾಕು ಅಂದರೂ ನಿಲ್ಲುವುದಿಲ್ಲ. ನನ್ನದು ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಬಸ್ ಸ್ಟಾಪಿನ ಎದುರಿಗೆ ಒಂದು ಹೊಲಿಗೆ ಅಂಗಡಿ. ದಾವಣಗೆರೆಯಲ್ಲಿ ಚಿಕ್ಕಮ್ಮನ ಕಾಲುಮಿಷನ್ ತುಳಿದು ಕಲಿತ ಕೆಲಸ. ಕುದುರೆಯನ್ನು ನಾನು ಹತ್ತಿರದಿಂದ ನೋಡಿದ್ದು ಮದುವೆ ಮೆರವಣಿಗೆಯಲ್ಲಿ ಮಾತ್ರ, ಅದೂ ಎರಡು ಮಾರು ದೂರ ನಿಂತು. ಅಂಥವಳು ಒಂದಿಡೀ ಬೇಸಿಗೆ ಕುದುರೆಗಳ ಹಿಂದೆ ಓಡಿದೆ. ಲಂಡನ್ನಿನಲ್ಲಿ ಒಲಿಂಪಿಕ್ಸ್ ಮುಗಿದು ನಾಲ್ಕೈದು ವರ್ಷ ಆಗಿತ್ತು. ನನ್ನ ಪಾಲಿನ ಒಲಿಂಪಿಕ್ಸ್ ಆ ಬೇಸಿಗೆಯಲ್ಲಿ ಬಂತು.

ನಂಬರಿಲ್ಲದ ಮನೆ

ಏಪ್ರಿಲ್ಲಿನ ಒಂದು ಮಂಗಳವಾರ ಬೆಳಿಗ್ಗೆ ಆರಡಿ ಎತ್ತರದ, ಕಡ್ಡಿಯಂಥ ಹಿರಿಯರೊಬ್ಬರು ಅಂಗಡಿಗೆ ಬಂದರು. ಸ್ವೆಟರಿನ ಎರಡು ಮೊಣಕೈಯಲ್ಲೂ ತೂತು. ಮಳೆಕೋಟನ್ನು ಸೊಂಟಕ್ಕೆ ಹಿಂದುಮುಂದಾಗಿ ಕಟ್ಟಿಕೊಂಡಿದ್ದರು. ಒಳಗೆ ಬಂದವರು ಗೋಡೆಗೆ ಬೆನ್ನು ಒತ್ತಿಕೊಂಡೇ ನಿಂತರು.

"ಏನು ಸರ್?"

"ಪ್ಯಾಂಟು ಹರಿದಿದೆ ಮೇಡಂ."

"ಎಲ್ಲಿ?"

"ಹೇಳುವುದಕ್ಕಿಂತ ತೋರಿಸುವುದು ಸುಲಭ. ಆದರೆ ನಿಮ್ಮ ಕಿಟಕಿಯ ಆಚೆ ಬಸ್ಸಿಗೆ ಹನ್ನೊಂದು ಜನ ಕಾಯುತ್ತಿದ್ದಾರೆ."

ಪರದೆಯ ಹಿಂದೆ ಕಳಿಸಿ ಪ್ಯಾಂಟು ತರಿಸಿಕೊಂಡೆ. ಬಿಳಿ ಪ್ಯಾಂಟು, ಸೀಟಿನ ಹೊಲಿಗೆ ಮೇಲಿಂದ ಕೆಳಗಿನವರೆಗೆ ಬಾಯಿ ಬಿಟ್ಟಿತ್ತು. ಬರೀ ಒಂದೆಳೆ ಹೊಲಿಗೆ! ಇಂಥ ಕೆಲಸ ನೋಡಿದರೆ ನನಗೆ ಮೈ ಉರಿಯುತ್ತದೆ. ಜೋಡಿ ಹೊಲಿಗೆ ಹಾಕಿ, ಒಳಗೆ ಪಟ್ಟಿ ಕೊಟ್ಟು, ಮೇಲೆ ಇನ್ನೊಂದು ಸಾಲು ಓಡಿಸಿದೆ. ಅಷ್ಟು ಹೊತ್ತೂ ಅವರು ಪರದೆಯ ಹಿಂದೆ ನನ್ನ ಒಂದು ಲಂಗದ ಬಟ್ಟೆ ಸುತ್ತಿಕೊಂಡು ಮಾತಾಡುತ್ತಲೇ ಇದ್ದರು. ಚೀಟಿಯಲ್ಲಿ ಬರೆಯಲು ವಿಳಾಸ ಕೇಳಿದೆ.

"ಮನೆ ನಂಬರ್?"

"ನಂಬರ್ ಇಲ್ಲ."

"ರಸ್ತೆ ಹೆಸರು?"

"ರಸ್ತೆಯೂ ಇಲ್ಲ. ಮರಗಳಿವೆ."

"ಮನೆ ಹೇಗಿದೆ?"

"ಮಳೆ ಬಂದರೆ ಎಲ್ಲ ಕಡೆ ಸೋರುತ್ತದೆ. ಕುದುರೆಗಳ ಜಾಗ ಒಂದೇ ಒಣಗಿರುವುದು. ಏಳು ಕುದುರೆ."

ಪಾಪ, ನಿಲ್ಲಲು ನೆಲೆಯಿಲ್ಲ, ತಲೆಗೂ ಎಲ್ಲೋ ಏಟು ಬಿದ್ದಿದೆ ಅಂದುಕೊಂಡೆ. ನನ್ನ ಮಧ್ಯಾಹ್ನದ ಚಿತ್ರಾನ್ನವನ್ನು ಡಬ್ಬಿ ಸಮೇತ ಕೊಟ್ಟೆ. ಒಂದು ಹಾಳೆಯಲ್ಲಿ, ಮನೆಯಿಲ್ಲದವರಿಗೆ ಮನೆ ಕೊಡಿಸುವ ಕೌನ್ಸಿಲ್ ಆಫೀಸಿನ ವಿಳಾಸ ಬರೆದು, "ಸೋಮವಾರ ಹೋಗಿ, ಅವತ್ತು ಕ್ಯೂ ಕಡಿಮೆ" ಅಂತ ಹೇಳಿಕೊಟ್ಟೆ. ಅವರು ಎರಡು ಕೈಯಲ್ಲೂ ತೆಗೆದುಕೊಂಡು ತಲೆ ಬಾಗಿಸಿ ಹೋದರು.

ಹದಿನೈದು ದಿನ ಬಿಟ್ಟು ತೊಳೆದ ಡಬ್ಬಿಯ ಜೊತೆ ಕಾರು ಬಂತು. ಲಾರ್ಡ್ ಸಾಹೇಬರಿಗೆ ಇನ್ನೂ ನಾಲ್ಕು ಪ್ಯಾಂಟು ಬೇಕಂತೆ, ಮನೆಗೆ ಬಂದು ಅಳತೆ ತೆಗೆಯಬೇಕಂತೆ. ಹೋದೆ. ಕಿಟಕಿ ಎಣಿಸಲು ಶುರುಮಾಡಿ ನಲವತ್ತಕ್ಕೆ ಕೈಬಿಟ್ಟೆ. ಆ ಊರಿನ ಹೆಸರೇ ಅವರ ಮನೆತನದ ಹೆಸರು! ನಾಚಿಕೆಯಿಂದ ಸಾಯುತ್ತಾ ಅಡುಗೆಮನೆಗೆ ಕಾಲಿಟ್ಟರೆ ನನ್ನ ಹಾಳೆ ಫ್ರಿಜ್ಜಿನ ಮೇಲೆ ಅಂಟಿಕೊಂಡಿತ್ತು. ಆಚೆ ಜೋರು ಮಳೆ, ಒಳಗೆ ಹದಿನಾಲ್ಕು ಬಕೆಟ್.

"ಸೋಮವಾರ ಹೋಗೋಣ ಅಂತಲೇ ಇದ್ದೇನೆ ಮೇಡಂ," ಅಂದರು ಲಾರ್ಡ್ ಸಾಹೇಬರು, ಹದಿನೈದನೆಯದನ್ನು ಹುಡುಕುತ್ತಾ.

ಮರದ ಕುದುರೆ

ನಿಲ್ಲಿಸಿ ಅಳತೆ ತೆಗೆದ ಪ್ಯಾಂಟು ಕೂತಾಗ ಹರಿಯದೆ ಇನ್ನೇನು ಮಾಡೀತು? ಕುದುರೆ ಮೇಲೆ ಕೂರುವವರ ಅಳತೆಯನ್ನು ಕುದುರೆ ಮೇಲೇ ತೆಗೆಯಬೇಕು. ಹಾಗಂತ ಹಟ ಹಿಡಿದೆ. ಇಷ್ಟು ವರ್ಷ ಅವರಿಗೆ ಹೊಲಿದ ದೊಡ್ಡ ದೊಡ್ಡ ಅಂಗಡಿಯವರು ಯಾರೂ ಈ ಮಾತು ಹೇಳಿರಲಿಲ್ಲವಂತೆ. ಸಾಹೇಬರಿಗೆ ಎಷ್ಟು ಖುಷಿ ಆಯಿತೆಂದರೆ ಕೈಹಿಡಿದು ಎಳೆದುಕೊಂಡೇ ಹೋದರು.

ಕುದುರೆ ಲಾಯದ ಪಕ್ಕ ಒಂದು ಕೋಣೆ. ನಡುವೆ ಹಲಗೆಯಲ್ಲಿ ಮಾಡಿದ ಕುದುರೆ, ಸುತ್ತಲೂ ಬಲೆ. ಪೋಲೋ ಆಡುವವರು ಕೋಲಿನಿಂದ ಚೆಂಡು ಹೊಡೆಯುವುದನ್ನು ಅಭ್ಯಾಸ ಮಾಡುವುದು ಇದರ ಮೇಲೆಯೇ. ಸಾಹೇಬರ ಅಜ್ಜ, ಅಪ್ಪ, ಎಲ್ಲರೂ ಇದೇ ಮರದ ಕುದುರೆ ಮೇಲೆ ಕಲಿತವರು. ಸಾಹೇಬರೂ ಆರನೇ ವಯಸ್ಸಿನಿಂದ ಇದರ ಮೇಲೆ. ಈಗ ಅರವತ್ತೊಂದು.

ಅಳತೆ ಟೇಪು ಹಿಡಿದು ಕೆಳಗೆ ಕೂತಿದ್ದೆ. ಅಷ್ಟರಲ್ಲಿ ಬಾಗಿಲಲ್ಲಿ ಅವರ ಅಕ್ಕ. ಅರವತ್ತೇಳು ವಯಸ್ಸು, ಮೊಣಕಾಲಿನವರೆಗೆ ಹಸಿರು ರಬ್ಬರ್ ಬೂಟು, ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟ್ ಆಗಿ ಕೂತು ಬಂದ ಗಂಟಲು. ಕುದುರೆಗಳು, ಲಾಯ, ಹುಲ್ಲುಗಾವಲು ಎಲ್ಲ ಅವರ ಹೆಸರಿನಲ್ಲಿದ್ದವು. ಅವರು ನನ್ನನ್ನೇ ನೋಡಿ ಹೇಳಿದರು.

"ನೀವು ಹೊಸಬರು, ನಿಮಗೂ ಗೊತ್ತಿರಲಿ. ಹೋದ ವರ್ಷ ಇವನು ಮೂರು ಸಲ ಬಿದ್ದ. ಒಂದು ಭುಜ, ಎರಡು ಪಕ್ಕೆಲುಬು, ಒಂದು ಮಣಿಕಟ್ಟು. ಈ ಸೀಸನ್ನಿನಲ್ಲಿ ಒಂದೇ ಒಂದು ಸಲ ಬಿದ್ದರೂ ಏಳು ಕುದುರೆಗಳನ್ನೂ ಮಾರುತ್ತೇನೆ."

"ಬೀಳೋದು ಅಂದರೆ ಏನು, ಅದನ್ನೂ ಹೇಳಿಬಿಡು," ಅಂದರು ಸಾಹೇಬರು ಮೇಲಿನಿಂದ. "ಬಗ್ಗೋದು, ಜಾರೋದು, ಕುದುರೆ ಕತ್ತಿಗೆ ಜೋತುಬೀಳೋದು, ಇವೆಲ್ಲ ಲೆಕ್ಕಕ್ಕಿಲ್ಲ ತಾನೇ?"

"ಕುದುರೆಯಿಂದ ಹುಲ್ಲಿಗೆ. ಬೂಟು ಬಿಟ್ಟು ನಿನ್ನ ಮೈಯಲ್ಲಿ ಬೇರೆ ಏನೇ ಹುಲ್ಲಿಗೆ ತಾಗಿದರೂ ಬಿದ್ದ ಹಾಗೆ."

"ಮನೆ ಬೇಕಾದರೆ ಮಾರು. ಕುದುರೆ ಮಾರಬೇಡ." ಅವರ ದನಿ ಇದ್ದಕ್ಕಿದ್ದಂತೆ ಆರು ವರ್ಷದ ಹುಡುಗನದಾಯಿತು. ಬೆಳಿಗ್ಗೆ ಎದ್ದು ಮೊದಲು ಮಾತಾಡಿಸುವುದು ಆ ಏಳನ್ನೇ ಅಂತ ಅಡುಗೆಮನೆಯಲ್ಲಿ ಆಗಲೇ ಕೇಳಿದ್ದೆ.

"ಆಯಿತು, ಬೀಳುವುದಿಲ್ಲ. ನೋಡು ಹೇಗೆ ಕೂತಿದ್ದೇನೆ!" ಅಂತ ಉದ್ದ ಕೋಲನ್ನು ಗಾಳಿಯಲ್ಲಿ ಜೋರಾಗಿ ಬೀಸಿದರು. ಬೀಸಿದ ವೇಗಕ್ಕೆ ಮರದ ಕುದುರೆಯಿಂದ ನನ್ನ ಪಕ್ಕಕ್ಕೆ ದೊಪ್ಪನೆ ಬಂದರು.

ಮೊದಲು ಬಾಯಿಬಿಟ್ಟವಳು ನಾನೇ. "ಇಲ್ಲಿ ಇರೋದು ಮರದ ಹೊಟ್ಟು. ಹುಲ್ಲಲ್ಲ."

ಅಕ್ಕನವರು ಬಗ್ಗಿ ಒಂದು ಚಿಟಿಕೆ ಹೊಟ್ಟು ಎತ್ತಿ ನೋಡಿದರು. "ಇವನಿಗೆ ವಕೀಲರು ಬೇರೆ ಸಿಕ್ಕರು," ಅಂತ ಹೊರಟುಹೋದರು.

ಬಸ್ಸಿನಲ್ಲಿ ಲಾರ್ಡ್

ಪ್ಯಾಂಟು ಹಾಕಿ ನೋಡಲು ಬರಬೇಕಾದ ದಿನ ಅವರ ಕಾರು ಕೆಟ್ಟಿತು. ಬಸ್ಸಿನಲ್ಲಿ ಬನ್ನಿ ಅಂದೆ. ಫೋನಿನಲ್ಲೇ, "ಹತ್ತುವುದು ಎಡಗಡೆಯಿಂದಲೋ ಬಲಗಡೆಯಿಂದಲೋ?" ಅಂತ ಕೇಳಿದರು. ಆ ಮನುಷ್ಯ ಚಳಿಗಾಲ ಬಂದರೆ ಪೋಲೋ ಆಡಲು ಅರ್ಜೆಂಟೀನಾಕ್ಕೆ ಹೋಗಿಬರುವವರು. ಅರವತ್ತೊಂದು ವರ್ಷದಲ್ಲಿ ಬಸ್ಸು ಮಾತ್ರ ಹತ್ತಿರಲಿಲ್ಲ.

ಅಂಗಡಿಗೆ ಬಂದಾಗ ಮುಖ ಕೆಂಪಗೆ, ಕಣ್ಣು ಫಳಫಳ.

"ಮೇಡಂ! ಡ್ರೈವರ್ ಒಂದು ಕಡೆ ಗಕ್ಕನೆ ಬ್ರೇಕ್ ಹಾಕಿದ. ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ನಾನೊಬ್ಬನೇ ಬೀಳಲಿಲ್ಲ! ಏನನ್ನೂ ಹಿಡಿದುಕೊಳ್ಳದೆ, ಮೊಣಕಾಲು ಬಗ್ಗಿಸಿ, ಹೀಗೆ!" ಅಂತ ನನ್ನ ಅಂಗಡಿಯ ನಡುವೆ ಕಾಲು ಅಗಲಿಸಿ ನಿಂತು ತೋರಿಸಿದರು. ಬ್ಲೌಸ್ ಕೊಡಲು ಬಂದಿದ್ದ ಹೆಂಗಸರು ಬಾಗಿಲಿನಿಂದಲೇ ತಿರುಗಿಹೋದರು.

ಅಂದಿನಿಂದ ಶುರು. ವಾರಕ್ಕೆ ಎರಡು ದಿನ ವುಲ್ವರ್‌ಹ್ಯಾಂಪ್ಟನ್ನಿನಿಂದ ಬರ್ಮಿಂಗ್‌ಹ್ಯಾಮಿಗೆ, ಮತ್ತೆ ವಾಪಸ್. ಸೀಟು ಖಾಲಿ ಇದ್ದರೂ ಕೂರುವುದಿಲ್ಲ. ಬೀಳದಿರುವ ಅಭ್ಯಾಸ! ಯಾವ ತಿರುವಿನಲ್ಲಿ ಎಷ್ಟು ವಾಲಬೇಕು ಅಂತ ಪುಸ್ತಕದಲ್ಲಿ ಬರೆದಿಟ್ಟುಕೊಂಡರು. ಒಂದು ದಿನ ನಾನೂ ಜೊತೆಗಿದ್ದೆ. ಸಾಹೇಬರು ಡ್ರೈವರ್ ಹತ್ತಿರ ಹೋಗಿ, ಟೋಪಿ ತೆಗೆದು, ಬಹಳ ಮರ್ಯಾದೆಯಿಂದ, "ಬ್ರೇಕನ್ನು ಸ್ವಲ್ಪ ಇನ್ನೂ ಜೋರಾಗಿ ಹಾಕಲು ಸಾಧ್ಯವೇ?" ಅಂತ ಕೇಳಿದರು.

ಡ್ರೈವರ್ ಪಂಜಾಬಿ ಅಜ್ಜ. ಕನ್ನಡಿಯಲ್ಲಿ ಇವರನ್ನು ಮೇಲಿಂದ ಕೆಳಗೆ ನೋಡಿದ. "ಸರ್, ಇಪ್ಪತ್ತೆಂಟು ವರ್ಷದಿಂದ ನನ್ನ ಬ್ರೇಕಿನ ಮೇಲೆ ಬರೀ ಕಂಪ್ಲೇಂಟೇ ಬಂದಿದೆ. ನೀವು ಇದನ್ನು ಬರೆದು ಕೊಡ್ತೀರಾ?"

ಸಾಹೇಬರು ಕೊಟ್ಟರು. ಮನೆತನದ ಮುದ್ರೆ ಇರುವ ಕಾಗದದಲ್ಲಿ.

ಮೈದಾನ ತುಳಿದದ್ದು

ಜೂನಿನಲ್ಲಿ ಮೊದಲ ದೊಡ್ಡ ಪಂದ್ಯ. ನಾನು ಅಷ್ಟರಲ್ಲಿ ಲೈಬ್ರರಿಯಲ್ಲಿದ್ದ ಒಂದೇ ಒಂದು ಪೋಲೋ ಪುಸ್ತಕವನ್ನು ನಾಲ್ಕು ಸಲ ಓದಿ ಮುಗಿಸಿದ್ದೆ. ಗೊತ್ತಿಲ್ಲದ ಪದಕ್ಕೆಲ್ಲ ಡಿಕ್ಷನರಿ ತಿರುವಿ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಕನ್ನಡದಲ್ಲಿ ಬರೆದದ್ದಕ್ಕೆ ಬೈಸಿಕೊಂಡೂ ಆಗಿತ್ತು. ಪಂದ್ಯ ನೋಡಲು ಊರಿನ ಆಸ್ಪತ್ರೆಯಲ್ಲಿ ಕೆಲಸ ಮಾಡುವ ನಮ್ಮ ಕನ್ನಡದವರನ್ನೆಲ್ಲ ಹೊರಡಿಸಿದೆ. ಅವರಲ್ಲಿ ಮುಖ್ಯರು ಧಾರವಾಡದ ಮೂಳೆ ಡಾಕ್ಟರು. ಸಾಹೇಬರ ಭುಜ, ಪಕ್ಕೆಲುಬು, ಮಣಿಕಟ್ಟು ಕೂಡಿಸಿದವರು ಅವರೇ. "ಅಕ್ಕಾರ, ಆ ಮನಿಷ್ಯಾನ ಎಕ್ಸ್-ರೇ ನೋಡೇನಿ. ಒಳಗ ಮೂಳಿಗಿಂತ ಸ್ಕ್ರೂನ ಭಾಳ ಅದಾವ," ಅನ್ನುತ್ತಿದ್ದರು.

ಅರ್ಧ ಆಟ ಆದಮೇಲೆ ಮೈಕಿನಲ್ಲಿ ಒಂದು ಪ್ರಕಟಣೆ: ನೋಡುವವರೆಲ್ಲ ದಯವಿಟ್ಟು ಮೈದಾನಕ್ಕೆ ಇಳಿದು ಮಣ್ಣು ತುಳಿಯಬೇಕು. ಡಾಕ್ಟರು ತಮಾಷೆ ಅಂದುಕೊಂಡರು. ಅಲ್ಲ, ಅದು ಈ ಆಟದ ಪದ್ಧತಿ. ಕುದುರೆಗಳ ಗೊರಸು ಹುಲ್ಲುಹೆಂಟೆಗಳನ್ನು ಕಿತ್ತು ಎಸೆದಿರುತ್ತದೆ. ನೋಡುವವರು ಅವನ್ನು ಗುಂಡಿಗೆ ಹಾಕಿ ತುಳಿದು ಸಮ ಮಾಡಿಕೊಡಬೇಕು. ದೊಡ್ಡ ಟೋಪಿಯ ಹೆಂಗಸರು ಕೈಯಲ್ಲಿ ವೈನ್ ಲೋಟ ಹಿಡಿದು, ಇಲ್ಲೊಂದು ಅಲ್ಲೊಂದು ಮೆಲ್ಲಗೆ ಒತ್ತುತ್ತಾ ಹರಟೆ ಹೊಡೆಯುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. ಒಂದು ಗುಂಡಿ ಉಳಿದರೂ ಸಾಹೇಬರ ಕುದುರೆ ಎಡವುತ್ತದೆ. ಎಡವಿದರೆ ಇವರು ಹುಲ್ಲಿಗೆ. ಇವರು ಹುಲ್ಲಿಗೆ ಅಂದರೆ ಏಳು ಕುದುರೆ ಸಂತೆಗೆ! "ಚಪ್ಪಲಿ ಬಿಡಿ, ಸೀರೆ ಎತ್ತಿ ಕಟ್ಟಿ, ಸಾಲಾಗಿ ನಿಲ್ಲಿ!" ಅಂದೆ. ನಾವು ಹದಿನೇಳು ಜನ, ಭುಜಕ್ಕೆ ಭುಜ ಕೊಟ್ಟು, ಒಂದು ತುದಿಯಿಂದ ತುಳಿಯುತ್ತಾ ಹೊರಟೆವು.

ಗಂಟೆ ಹೊಡೆಯಿತು. ಟೋಪಿಯವರೆಲ್ಲ ಹೊರಗೆ ಹೋದರು. ನಾವಿನ್ನೂ ಮುಕ್ಕಾಲು ಮೈದಾನದಲ್ಲಿದ್ದೆವು. ಅಂಪೈರ್ ಕುದುರೆ ಮೇಲೆ ನನ್ನ ಮುಂದೆ ಬಂದು ನಿಂತ.

"ಮೇಡಂ, ಆಟ ಶುರುವಾಗಬೇಕು."

"ಕೆಲಸ ಮುಗಿದ ಮೇಲೆ."

"ಎಂಟು ಕುದುರೆ ಕಾಯುತ್ತಿವೆ ಮೇಡಂ!"

"ಅವುಗಳಿಗೋಸ್ಕರವೇ ತುಳೀತಿರೋದು!"

ಕೊನೆಗೆ ಒತ್ತಾಯಕ್ಕೆ ಹೊರಗೆ ಬಂದೆವು. ಎರಡೇ ನಿಮಿಷ! ನಾವು ತುಳಿಯದ ಆ ಕಾಲುಭಾಗದಲ್ಲೇ ಸಾಹೇಬರ ಕುದುರೆ ಮುಗ್ಗರಿಸಿತು. ಸಾಹೇಬರು ಅದರ ಕತ್ತಿನ ಮೇಲೆ ಉದ್ದಕ್ಕೆ ಮಲಗಿದರು. ಒಂದು ಕ್ಷಣ ಅವರ ಮೂಗಿಗೂ ಹುಲ್ಲಿಗೂ ಮೊಳದಷ್ಟೂ ಜಾಗವಿರಲಿಲ್ಲ. ಆಮೇಲೆ ಬಸ್ಸು ಬ್ರೇಕ್ ಹಾಕಿದಾಗಿನ ಹಾಗೆ ಹಿಂದಕ್ಕೆ ವಾಲಿ ಕೂತರು. ನಾನು ಬೇಲಿಯಿಂದಲೇ ಅಂಪೈರಿಗೆ ಕೂಗಿದೆ. "ಹೇಳಿರಲಿಲ್ಲವಾ!"

ಮುಂದಿನ ವಾರ ಪೋಲೋ ಕ್ಲಬ್ಬಿನಿಂದ ರೋಟಾ ಬಂತು, ಅಂದರೆ ಯಾರಿಗೆ ಯಾವ ಕೆಲಸ ಅನ್ನುವ ಪಟ್ಟಿ. ಮೈದಾನ ತುಳಿಯುವ ತಂಡದ ಮುಖ್ಯಸ್ಥೆ ನಾನು. ಡಾಕ್ಟರು ತಮ್ಮ ಹೆಸರು ಓದಿಕೊಂಡು ನಿಟ್ಟುಸಿರು ಬಿಟ್ಟರು. "ಇಪ್ಪತ್ತು ವರ್ಸ ಓದಿ ಕನ್ಸಲ್ಟಂಟ್ ಆದೆ ಅಕ್ಕಾರ. ನೀವು ಒಂದ ದಿನದಾಗ ನನ್ನ ಮಣ್ಣು ತುಳಿಯೂ ಕೆಲಸಕ್ಕ ಹಚ್ಚಿದ್ರಿ."

ಕೊನೆಯ ಪಂದ್ಯ

ಜುಲೈ ಹೋಯಿತು, ಆಗಸ್ಟ್ ಹೋಯಿತು, ಸೆಪ್ಟೆಂಬರೂ ಮುಗಿಯುತ್ತಾ ಬಂತು, ಸಾಹೇಬರು ಬೀಳಲಿಲ್ಲ. ಉಳಿದದ್ದು ಒಂದೇ ಪಂದ್ಯ. ಲೀಡ್ಸ್ ಕಡೆಯ ಒಂದು ತಂಡ ಬರುವುದಿತ್ತು. ಅದು ಭಾನುವಾರ. ಆಯುಧಪೂಜೆ ಶುಕ್ರವಾರ. ಆದರೆ ಇಲ್ಲಿ ನಮ್ಮ ಹಬ್ಬಗಳೆಲ್ಲ, ಪಂಚಾಂಗ ಏನೇ ಹೇಳಲಿ, ಶನಿವಾರ ಭಾನುವಾರವೇ ಬರುತ್ತವೆ. ನನಗೆ ಹೊಳೆದುಬಿಟ್ಟಿತು. ನಮ್ಮಲ್ಲಿ ಸೈಕಲ್ಲಿಗೂ ಪೂಜೆ ಇದೆ, ಲಾರಿಗೂ ಇದೆ. ಈ ಮನುಷ್ಯನಿಗೆ ಕೋಲೇ ಆಯುಧ, ಕುದುರೆಯೇ ವಾಹನ!

ಸಾಹೇಬರಿಗೆ ಹೇಳಿದೆ. "ಎಲ್ಲವನ್ನೂ ಮಾಡಿ ಮೇಡಂ, ಒಂದನ್ನೂ ಬಿಡಬೇಡಿ!" ಅಂತ ಕುಣಿದರು. ಕೋಲುಗಳಿಗೆ ಅರಿಸಿನ ಕುಂಕುಮ ಹಚ್ಚಿದೆ. ಪೋಲೋದಲ್ಲಿ ಸುತ್ತಿಗೊಂದು ಕುದುರೆ ಬದಲಿಸುತ್ತಾರೆ. ಕೊನೆಯ ಸುತ್ತಿಗೆಂದು ಇಟ್ಟುಕೊಂಡಿದ್ದ ಅವರ ಮೆಚ್ಚಿನ ಕಂದು ಕುದುರೆಯ ಕೊರಳಿಗೆ ಚೆಂಡುಹೂವಿನ ಹಾರ ಹಾಕಿದೆ. ಹಾರ ಹಾಕಿ ತಿರುಗುವಷ್ಟರಲ್ಲಿ ಅರ್ಧ ಹಾರ ಕುದುರೆಯ ಬಾಯಲ್ಲಿತ್ತು. ಎರಡನೇ ಹಾರ ತೆಗೆದೆ, ಅದಕ್ಕೂ ಬಾಯಿ ಹಾಕಿತು. ನಾನೂ ಬಿಡುವವಳಲ್ಲ. ಅದರ ಬಾಯಿಗೆ ಸಿಗದ ಜಾಗ ಹುಡುಕಿದೆ. ಕೂರುವ ಜೀನನ್ನು ಬಿಗಿಯಲು ಕುದುರೆಯ ಹೊಟ್ಟೆಯ ಸುತ್ತ ಒಂದು ಅಗಲದ ಪಟ್ಟಿ ಇರುತ್ತದೆ. ಮೂರನೇ ಹಾರವನ್ನು ಆ ಪಟ್ಟಿಯ ಒಳಗೆ, ಹೊಟ್ಟೆಗೆ ತಾಗುವಂತೆ ಸಿಕ್ಕಿಸಿದೆ. ಕುದುರೆ ನೋಡಿಕೊಳ್ಳುವಾಕೆ ಗಡಿಬಿಡಿಯಲ್ಲಿ ಬಂದು, ಹಾರವನ್ನು ನೋಡದೆ, ಅದರ ಮೇಲೆಯೇ ಪಟ್ಟಿ ಎಳೆದು ಬಿಗಿದುಬಿಟ್ಟಳು. ನಾನೂ ಬಾಯಿಬಿಡಲಿಲ್ಲ. ಹೂವು ಇನ್ನೂ ಭದ್ರವಾಯಿತು ಅಂದುಕೊಂಡೆ.

ಕೊನೆಯ ಸುತ್ತು. ಐದಕ್ಕೆ ಐದು ಗೋಲು, ಸಮಸಮ! ಅಕ್ಕನವರು ಬೇಲಿ ಹಿಡಿದು ನಿಂತಿದ್ದರು. ಪಕ್ಕದಲ್ಲಿ ನಾನು, ನನ್ನ ಪಕ್ಕದಲ್ಲಿ ಡಾಕ್ಟರು. ಕಂದು ಕುದುರೆ ಹಾರಿಕೊಂಡು ಹೊರಟಿತು, ಅದರ ಹೊಟ್ಟೆಯಡಿಯಿಂದ ಕಿತ್ತಳೆ ಬಣ್ಣದ ಎಸಳುಗಳು ಹಸಿರಿನ ಮೇಲೆ ಉದುರುತ್ತಾ ಬಂದವು. ಏನು ಚೆಂದ! ನನಗೆ ಮೈ ಜುಮ್ಮೆಂದಿತು. "ದೇವಿಯೇ ಹೂವು ಚೆಲ್ಲುತ್ತಾ ಇದಾಳೆ ಡಾಕ್ಟ್ರೇ!"

ಡಾಕ್ಟರಿಗೆ ಮೈ ಬೇರೆ ಕಾರಣಕ್ಕೆ ಜುಮ್ಮೆಂದಿತು. "ಅಕ್ಕಾರ, ಹೂವು ಉದುರಾಕತ್ತಾವು ಅಂದ್ರ ಪಟ್ಟಿ ಸಡ್ಲ ಆಗಾಕತ್ತೈತಿ!"

ಹೌದು. ಹೂವೆಲ್ಲ ಅರೆದುಹೋಗಿ ಉದುರಿ, ಪಟ್ಟಿ ನಾಲ್ಕು ಬೆರಳು ಸಡಿಲವಾಗಿತ್ತು. ಜೀನು ನಿಧಾನಕ್ಕೆ ಪಕ್ಕಕ್ಕೆ ತಿರುಗಿತು. ಅದರ ಜೊತೆ ಸಾಹೇಬರೂ ತಿರುಗಿದರು, ಗಡಿಯಾರದ ಮುಳ್ಳಿನ ಹಾಗೆ. ಮೊದಲು ಹನ್ನೆರಡು ಗಂಟೆ. ಆಮೇಲೆ ಎರಡು, ಮೂರು, ನಾಲ್ಕು. ಕುದುರೆ ಜಾಣ, ಏನೋ ಸರಿಯಿಲ್ಲ ಅಂತ ನಿಂತೇಬಿಟ್ಟಿತು. ಅಷ್ಟರಲ್ಲಿ ಸಾಹೇಬರು ಆರು ಗಂಟೆಗೆ ಬಂದಿದ್ದರು. ಕುದುರೆಯ ಹೊಟ್ಟೆಗೆ ಕೈಕಾಲು ಸುತ್ತಿ, ಅಂಗಾತ ಜೋತಾಡುತ್ತಿದ್ದರು. ಹೆಲ್ಮೆಟ್ಟಿಗೂ ಹುಲ್ಲಿಗೂ ನಡುವೆ ಒಂದು ಗೇಣು.

ಸೀಟಿ ಊದಿದರು. ಎಲ್ಲರೂ ಓಡಿದೆವು.

"ಯಾರೂ ಮುಟ್ಟಬೇಡಿ!" ಕೆಳಗಿನಿಂದ ಸಾಹೇಬರ ಕೂಗು. "ನಾನಿನ್ನೂ ಬಿದ್ದಿಲ್ಲ!"

"ಕೈ ಬಿಡು, ಮೂರ್ಖ!" ಅಂದರು ಅಕ್ಕನವರು.

"ಬಿಟ್ಟರೆ ಬೆನ್ನು ತಾಗುತ್ತೆ. ಬೆನ್ನು ತಾಗಿದರೆ ನೀನು ಮಾರ್ತೀಯ. ನಾನು ಇಲ್ಲೇ ಇರ್ತೀನಿ!"

"ಎಷ್ಟು ಹೊತ್ತು ಇರ್ತೀಯ?"

"ಸೀಸನ್ ಮುಗಿಯೋವರೆಗೂ!"

"ಡಾಕ್ಟ್ರೇ, ಬೂಟು ಮೊದಲು ನೆಲ ಮುಟ್ಟೋ ಹಾಗೆ ಇಳಿಸಬೇಕು," ಅಂದೆ. "ನೀವು ಭುಜ ಹಿಡೀರಿ, ನಾನು ಪ್ಯಾಂಟು ಹಿಡೀತೀನಿ."

"ಪ್ಯಾಂಟು ಹರದ್ರ?"

ಇಂಥ ಮಾತನ್ನು ನನಗೆ ಹೇಳಬಾರದು. "ಅದು ನಾನು ಹೊಲಿದದ್ದು!" ಅಂತ ಕುದುರೆಯ ಕೆಳಗೆ ಬಗ್ಗಿ, ಸಾಹೇಬರ ಪ್ಯಾಂಟಿನ ಸೀಟನ್ನು ಎರಡು ಮುಷ್ಟಿಯಲ್ಲೂ ಹಿಡಿದೆ. ಮದುವೆ ಮೆರವಣಿಗೆಯಲ್ಲೂ ಎರಡು ಮಾರು ದೂರ ನಿಂತಿದ್ದ ನಾನು!

"ಬಲಗಾಲು ಬಿಡ್ರಿ ಸರ. ಈಗ ಎಡಗಾಲು. ಹಾಂ, ಹೊಳ್ಳ್ರಿ, ಈ ಕಡೆ ತಿರಗ್ರಿ!" ಡಾಕ್ಟರು ಗಾಬರಿಯಲ್ಲಿ ಲಾರ್ಡಿಗೆ ಧಾರವಾಡದ ಕನ್ನಡದಲ್ಲೇ ಹೇಳುತ್ತಿದ್ದರು. ಸಾಹೇಬರು ಅದನ್ನೇ ತಪ್ಪಿಲ್ಲದೆ ಪಾಲಿಸುತ್ತಿದ್ದರು. ಇಡೀ ಆಳಿನ ಭಾರ ನನ್ನ ಒಂದು ಹೊಲಿಗೆಯ ಮೇಲೆ. ದಾರ ಗಿರ್ ಅಂದಿತು. ನನ್ನ ಹಲ್ಲೂ ಗಿರ್ ಅಂದಿತು. ಹರಿಯಲಿಲ್ಲ! ಬಲದ ಬೂಟು ಹುಲ್ಲಿಗೆ ತಾಗಿತು. ಎಡದ ಬೂಟೂ ತಾಗಿತು. ಹಲಸಿನಹಣ್ಣು ಇಳಿಸಿದ ಹಾಗೆ ಇಳಿಸಿ ನೆಟ್ಟಗೆ ನಿಲ್ಲಿಸಿದೆವು.

ಅಕ್ಕನವರು ಕನ್ನಡಕ ಹಾಕಿಕೊಂಡು ತಮ್ಮನ ಬೆನ್ನು, ಮೊಣಕೈ, ಮೊಣಕಾಲು, ಎಲ್ಲ ಸುತ್ತಿ ಸುತ್ತಿ ನೋಡಿದರು. ಬಿಳಿ ಬಟ್ಟೆಯಲ್ಲಿ ಒಂದು ಹಸಿರು ಕಲೆ ಇಲ್ಲ.

"ಅರವತ್ತು ವರ್ಷದಿಂದ ಕುದುರೆ ನೋಡುತ್ತಾ ಬಂದಿದ್ದೇನೆ," ಅಂದರು. "ಎಡಗಡೆಯಿಂದ ಇಳಿದವರಿದ್ದಾರೆ, ಬಲಗಡೆಯಿಂದ ಇಳಿದವರಿದ್ದಾರೆ. ಕೆಳಗಡೆಯಿಂದ ಇಳಿದವನು ಇವನೊಬ್ಬ. ಆದರೆ ಇಳಿದಿದ್ದಾನೆ. ಬಿದ್ದಿಲ್ಲ."

ಸಾಹೇಬರು ಕುದುರೆಯ ಕತ್ತು ತಬ್ಬಿಕೊಂಡು ಅಳುತ್ತಾ ನಗುತ್ತಾ ನಿಂತರು. ಆಮೇಲೆ ಬೇರೆ ಕುದುರೆ ಹತ್ತಿ ಉಳಿದ ಎರಡು ನಿಮಿಷ ಆಡಿ, ಒಂದು ಗೋಲಿನಿಂದ ಸೋತು, ಗೆದ್ದವರಿಗಿಂತ ಜೋರಾಗಿ ಕೇಕೆ ಹಾಕಿದರು.

ಎಲ್ಲ ಮುಗಿದ ಮೇಲೆ ಅಕ್ಕನವರು ನನ್ನನ್ನು ಪಕ್ಕಕ್ಕೆ ಕರೆದರು. ಅವರ ಅಂಗೈಯಲ್ಲಿ ಜಜ್ಜಿದ ಚೆಂಡುಹೂವು.

"ಪಟ್ಟಿಯಲ್ಲಿ ಸಿಕ್ಕಿತು. ಇದು ಯಾರ ಕೆಲಸ?"

ಹಿಂದೆಯೇ ಬಂದಿದ್ದ ಡಾಕ್ಟರು ಆಕಾಶ ನೋಡುತ್ತಾ ಮೆಲ್ಲಗೆ ಜಾಗ ಖಾಲಿ ಮಾಡಿದರು. ನಾನು ತಲೆ ಎತ್ತಿಯೇ ಹೇಳಿದೆ. "ನನ್ನದು. ಪೂಜೆ ಮಾಡಿದ್ದಕ್ಕೇ ಅವರು ಬೀಳಲಿಲ್ಲ."

"ಪೂಜೆ ಮಾಡಿದ್ದಕ್ಕೇ ಬೀಳುವ ಹಾಗಾದದ್ದು."

"ಹಾಗಾದರೂ ಬೀಳಲಿಲ್ಲವಲ್ಲ!"

ಅವರು ಹೂವನ್ನು ಜೇಬಿಗೆ ಹಾಕಿಕೊಂಡರು. ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮ್ಯಾಜಿಸ್ಟ್ರೇಟ್ ಗಂಟಲನ್ನು ಪಿಸುಮಾತಿಗೆ ಇಳಿಸಿದರು.

"ನನ್ನ ಹಳೇ ಜೀಪು ಇಳಿಜಾರಿನಲ್ಲಿ ಒಂದು ಥರ ಸದ್ದು ಮಾಡುತ್ತದೆ. ಅದಕ್ಕೂ ಇದನ್ನು ಮಾಡಿಕೊಡುತ್ತೀರಾ? ಟೈರಿನ ಕೆಳಗೆ ನಿಂಬೆಹಣ್ಣು, ಮುಂದೆ ಹಾರ, ಎಲ್ಲ ಆಗಲಿ. ಸೀಟ್ ಬೆಲ್ಟಿನ ಹತ್ತಿರ ಮಾತ್ರ ದಯವಿಟ್ಟು ಬರಬೇಡಿ."